ಹಿಮದ ಬೆಟ್ಟ ತೆಗೀರಿ, ನಿಮ್ಮ ಜಗಲಿ ಹಾಕಿ

“ಅಕ್ಕಾ, ನಮ್ಮ ಹೋಂಸ್ಟೇ ವೆಬ್‌ಸೈಟ್ ರೆಡಿ ಆಯ್ತು, ಒಂದ್ಸಲ ನೋಡಿ ಹೇಳಿ” ಅಂತ ನಾಪೋಕ್ಲು ಕಡೆಯ ಪರಿಚಯದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. ಖುಷಿಯಿಂದಲೇ ತೆರೆದೆ. ಕಣ್ಣಿಗೆ ಬಿದ್ದದ್ದು ಹಿಮ ಹೊದ್ದ ಬೆಟ್ಟ! ಅದರ ಬುಡದಲ್ಲಿ ನೀಲಿ ಸರೋವರ, ದಂಡೆಯಲ್ಲೊಂದು ಮರದ ಕುರ್ಚಿ, ಕುರ್ಚಿಯಲ್ಲಿ ಉಣ್ಣೆ ಟೋಪಿ ಹಾಕಿಕೊಂಡು ಕೂತ ಯಾರೋ ವಿದೇಶಿ ಹುಡುಗಿ.

“ನಾಪೋಕ್ಲಲ್ಲಿ ಹಿಮ ಯಾವಾಗ ಬಿತ್ತು ಮಾರಾಯ್ತಿ?” ಅಂದೆ.

ಅವಳು ನಗಲಿಲ್ಲ. “ಟೆಂಪ್ಲೇಟ್‌ನಲ್ಲೇ ಇತ್ತು ಅಕ್ಕಾ. ಚೆಂದ ಇದೆಯಲ್ಲ ಅಂತ ಹಾಗೇ ಬಿಟ್ಟೆ” ಅಂದಳು.

ಅವಳ ಮನೆ ನಾನು ನೋಡಿದ್ದೇನೆ. ಕೆಂಪು ಕಾವಿ ನೆಲದ ಉದ್ದ ಜಗಲಿ, ಅತ್ತೆಯ ಕಾಲದ ಮರದ ಕಂಬಗಳು, ಅಂಗಳದ ಆಚೆ ಕಾಫಿ ಗಿಡಗಳ ಮೇಲೆ ಹಬ್ಬಿದ ಮಂಜು. ಬೆಳಿಗ್ಗೆ ಅವಳು ಕೊಡುವ ಅಕ್ಕಿ ಒಟ್ಟಿ, ಜೇನುತುಪ್ಪದ ರುಚಿ ಇನ್ನೂ ನಾಲಿಗೆ ಮೇಲಿದೆ. ಇದರಲ್ಲಿ ಒಂದೂ ಆ ವೆಬ್‌ಸೈಟ್‌ನಲ್ಲಿ ಇರಲಿಲ್ಲ. ಬದಲಾಯಿಸು ಅಂದೆ, ‘ಆಯ್ತು’ ಅಂದಳು. ಹಣ್ಣು ಕೊಯ್ಲಿನ ಸಮಯ, ಕೆಲಸದ ಗಡಿಬಿಡಿ, ಮರೆತಳು.

ತಿಂಗಳು ಕಳೆದಿರಬೇಕು. ಬೆಂಗಳೂರಿನಿಂದ ಒಂದು ಕುಟುಂಬ ಬಂತು. ಮಕ್ಕಳು ಕಾರಿನಿಂದ ಇಳಿದವರೇ “ಲೇಕ್ ಎಲ್ಲಿ ಆಂಟಿ?” ಅಂತ ಕೇಳಿದವು. ಲೇಕ್ ಎಲ್ಲಿಂದ ತರೋದು? ಅವರು ಎರಡು ದಿನಕ್ಕೆ ಅಂತ ಬಂದವರು ಒಂದೇ ರಾತ್ರಿಗೆ ಹೊರಟರು, ಅರ್ಧ ದುಡ್ಡು ವಾಪಸ್ ಕೇಳಿದರು. ಇವಳು ಕೊಟ್ಟಳು. ಅದು ಹೋಗಲಿ, ಹೋಗುವಾಗ ಆ ಯಜಮಾನರು “ಇದು ಮೋಸ ಅಲ್ವಾ?” ಅಂದರಂತೆ. ಆ ಒಂದು ಮಾತಿಗೆ ಅವಳು ಎರಡು ದಿನ ಊಟ ಬಿಟ್ಟಳು. ಬಂದವರಿಗೆ ತನ್ನ ಪಾಲಿನ ಮೀನೂ ಬಡಿಸಿ ತಾನು ಉಪ್ಪಿನಕಾಯಲ್ಲಿ ಉಣ್ಣುವ ಹೆಂಗಸು ಅವಳು. ಅವಳನ್ನು ಮೋಸಗಾರ್ತಿ ಮಾಡಿದ್ದು ಯಾರು ಹೇಳಿ? ಒಂದು ಪುಕ್ಕಟೆ ಟೆಂಪ್ಲೇಟ್!

ಅದಕ್ಕೇ ಈ ವಾರ ಇದನ್ನೇ ಬರೆಯುತ್ತಿದ್ದೇನೆ. ಹೋಂಸ್ಟೇ ನಡೆಸುವವರಿರಲಿ, ಕಾಫಿಪುಡಿ, ಕರಿಮೆಣಸು, ಜೇನು, ಕಾಚಂಪುಳಿ ಮಾರುವವರಿರಲಿ, ಕೊಡವ ಸೀರೆ ಕುಚ್ಚು ಕಟ್ಟುವವರಿರಲಿ, ಸ್ವಂತ ವೆಬ್‌ಸೈಟ್ ಮಾಡಿಕೊಳ್ಳುವ ಹೆಣ್ಣುಮಕ್ಕಳು ಈಗ ಊರೂರಲ್ಲೂ ಇದ್ದಾರೆ. ಮಾಡಿಕೊಳ್ಳಲೇಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

“ದೊಡ್ಡ ದೊಡ್ಡ ಬುಕಿಂಗ್ ಕಂಪನಿಗಳಲ್ಲಿ ನಮ್ಮ ಹೆಸರಿದೆಯಲ್ಲ, ಇನ್ನು ಇದ್ಯಾಕೆ?” ಅನ್ನುವವರಿದ್ದಾರೆ. ಹೆಸರಿರಲಿ, ಬೇಡ ಅನ್ನಲ್ಲ. ಆದರೆ ಅಲ್ಲಿ ಬರುವ ಪ್ರತಿ ಅತಿಥಿಗೂ ಕಮಿಷನ್ ಕೊಡಬೇಕು. ಸಾಲಾಗಿ ನೂರು ಮನೆಗಳ ನಡುವೆ ನಿಮ್ಮದೂ ಒಂದು, ಜನ ರೇಟ್ ಮಾತ್ರ ನೋಡುತ್ತಾರೆ. 2000ರ ಸುಮಾರಿಗೆ ಕಾಫಿ ಬೆಲೆ ನೆಲಕಚ್ಚಿದಾಗ ಎಷ್ಟೋ ತೋಟದ ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದದ್ದು ನಿಮಗೆ ಗೊತ್ತು. ಆ ಬಾಗಿಲ ಹಿಂದೆ ಅಡುಗೆ, ಹಾಸಿಗೆ, ಲೆಕ್ಕ ನೋಡಿಕೊಂಡವರು ಹೆಚ್ಚಿನ ಕಡೆ ಹೆಂಗಸರೇ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಇಡೀ ಕೊಡಗಿಗೇ ಜನ ಬರೋದು ನಿಂತಿತು. ಮಣ್ಣು ಜಾರಿದ ಊರಿಗೂ ಜಾರದ ಊರಿಗೂ ಒಂದೇ ಹಣೆಪಟ್ಟಿ. ಅಂಥ ಹೊತ್ತಲ್ಲಿ ‘ನಮ್ಮ ಕಡೆ ರಸ್ತೆ ಸರಿ ಇದೆ’ ಅಂತಲೋ, ‘ಈಗ ಬರಬೇಡಿ, ಮುಂದಿನ ತಿಂಗಳು ಬನ್ನಿ’ ಅಂತಲೋ ನಾವೇ ಹೇಳಿಕೊಳ್ಳೋಕೆ ನಮ್ಮದು ಅಂತ ಒಂದು ಜಾಗ ಬೇಡವೇ?

ಇನ್ನು ಟೆಂಪ್ಲೇಟ್ ವಿಷಯ. ಇದನ್ನು ಬ್ಲೌಸ್ ಕತ್ತರಿಸುವ ಪೇಪರ್ ಪ್ಯಾಟರ್ನ್ ಅಂದುಕೊಳ್ಳಿ. ಯಾರೋ ಜಾಣರು ಯಾವುದೋ ಅಳತೆಗೆ ಮಾಡಿಟ್ಟಿದ್ದಾರೆ. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್‌ನಲ್ಲಿ, 2006ರ ವಿಕ್ಸ್‌ನಲ್ಲಿ ಇಂಥವು ರಾಶಿ ರಾಶಿ ಸಿಗುತ್ತವೆ, ಎಷ್ಟೋ ಪುಕ್ಕಟೆ. ಪ್ಯಾಟರ್ನ್ ಬಳಸೋದು ತಪ್ಪಲ್ಲ. ಆದರೆ ಅಳತೆ ತಿದ್ದದೆ ಹೊಲಿದರೆ ತೋಳು ಬಿಗಿ, ಕುತ್ತಿಗೆ ಸಡಿಲ! ಅದನ್ನು ತಿದ್ದೋದಕ್ಕೆ ಡಿಸೈನ್ ಕೋರ್ಸ್ ಮಾಡಬೇಕಾಗಿಲ್ಲ. ರಂಗೋಲಿ ಇಡುವವರಿಗೆ, ಸೀರೆಗೆ ಒಪ್ಪುವ ಬ್ಲೌಸ್ ಆರಿಸುವವರಿಗೆ ಅರ್ಧ ಪಾಠ ಆಗಲೇ ಬಂದಿರುತ್ತೆ.

ಮೊದಲು ಫೋಟೋ

ಬೇರೆ ಏನನ್ನೂ ಮಾಡಲು ಪುರುಸೊತ್ತಿಲ್ಲ ಅನ್ನುವವರು ಇದೊಂದನ್ನು ಮಾಡಿ. ಟೆಂಪ್ಲೇಟ್ ಜೊತೆ ಬಂದ ಫೋಟೋಗಳನ್ನು ಒಂದೂ ಬಿಡದೆ ಅಳಿಸಿ. ಹಿಮದ ಬೆಟ್ಟ, ಕೈ ಕುಲುಕುತ್ತಿರುವ ಕೋಟಿನ ಗಂಡಸರು, ಲ್ಯಾಪ್‌ಟಾಪ್ ಮುಂದೆ ನಗುವ ಹುಡುಗಿ, ಎಲ್ಲಾ. ಆ ಜಾಗಕ್ಕೆ ಗೂಗಲ್‌ನಲ್ಲಿ ಹುಡುಕಿದ ಆನೆ, ಅಬ್ಬಿ ಫಾಲ್ಸ್, ರಾಜಾಸೀಟ್ ಫೋಟೋ ತಂದು ಅಂಟಿಸಬೇಡಿ. ಒಂದು, ಅದನ್ನು ತೆಗೆದವರ ಹಕ್ಕು ಅದರ ಮೇಲಿರುತ್ತೆ, ಕೇಳದೆ ಬಳಸಿದರೆ ನೋಟಿಸ್ ಬಂದರೂ ಬರಬಹುದು. ಎರಡು, ಜನ ರಾಜಾಸೀಟ್‌ನಲ್ಲಿ ಮಲಗೋಕೆ ಬರಲ್ಲ, ನಿಮ್ಮ ಮನೆಯಲ್ಲಿ ಮಲಗೋಕೆ ಬರ್ತಾರೆ. ಅವರಿಗೆ ಬೇಕಾದ್ದು ಹಾಸಿಗೆ, ಬಚ್ಚಲು, ಊಟದ ಮೇಜು, ಕಿಟಕಿಯಿಂದ ಕಾಣೋದು.

ಫೋನ್ ಕ್ಯಾಮೆರಾ ಧಾರಾಳ ಸಾಕು. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಮಾತ್ರ ತೆಗೀಬೇಡಿ, ನೆರಳೆಲ್ಲ ಕರಿ ಮಸಿ, ಬಿಸಿಲೆಲ್ಲ ಬಿಳಿ ಸುಣ್ಣ ಆಗುತ್ತೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ ಒಳ್ಳೆಯದು. ನಮ್ಮ ಮಳೆಗಾಲದ ಮೋಡದ ಬೆಳಕಿದೆಯಲ್ಲ, ಕೋಣೆಯ ಒಳಗಿನ ಚಿತ್ರಕ್ಕೆ ಅದು ವರವೇ ಸರಿ. ಕಿಟಕಿ ಪರದೆ ಪೂರ್ತಿ ಸರಿಸಿ, ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಬೆನ್ನು ಹಾಕಿ ನಿಂತು ತೆಗೀರಿ. ತೆಗೆಯುವ ಮುಂಚೆ ಲೆನ್ಸ್ ಅನ್ನು ಸೆರಗಲ್ಲಿ ಒರೆಸಿ. ನಗಬೇಡಿ, ಅಡುಗೆಮನೆಯಿಂದ ಬಂದ ಫೋನಿನ ಲೆನ್ಸ್ ಮೇಲೆ ಎಣ್ಣೆ ಬೆರಳಿನ ಗುರುತು ಇದ್ದೇ ಇರುತ್ತೆ!

ಫೋನನ್ನು ಅಡ್ಡ ಹಿಡಿದೇ ತೆಗೀರಿ. ಟೆಂಪ್ಲೇಟ್‌ನ ದೊಡ್ಡ ಚಿತ್ರದ ಚೌಕಟ್ಟು ಸಾಮಾನ್ಯವಾಗಿ ಅಗಲವಾಗಿರುತ್ತೆ. ಉದ್ದ ಚಿತ್ರ ಹಾಕಿದರೆ ತಲೆ ಕಾಲು ಕತ್ತರಿಸಿ ಹೋಗುತ್ತೆ. ಅದೇ ಚಿತ್ರ ಫೋನಿನಲ್ಲಿ ತೆರೆದಾಗ ಎರಡೂ ಬದಿ ಕತ್ತರಿಸಿಕೊಳ್ಳುತ್ತೆ. ಹಾಗಾಗಿ ಮುಖ್ಯವಾದದ್ದು, ಜಗಲಿಯ ಕಂಬವೋ ಕಾಫಿ ಲೋಟವೋ, ನಡುವೆ ಇರಲಿ.

ಇನ್ನೊಂದು ಭಾರೀ ತಪ್ಪು, ಅಕ್ಷರಶಃ ಭಾರದ ತಪ್ಪು. ಫೋನಿನ ಒಂದು ಫೋಟೋ ನಾಲ್ಕೈದು ಎಂಬಿ ತೂಗುತ್ತೆ. ಅಂಥ ಹತ್ತು ಹಾಕಿದರೆ ಐವತ್ತು ಎಂಬಿ. ನಿಮ್ಮ ಅತಿಥಿ ಬೆಂಗಳೂರಲ್ಲಿ ಕೂತು ನೋಡಿದರೆ ಪರವಾಗಿಲ್ಲ. ಸಂಪಾಜೆ ಘಾಟಿ ಹತ್ತುತ್ತಾ ನಿಮ್ಮ ನಂಬರ್ ಹುಡುಕುತ್ತಿದ್ದರೆ? ನೆಟ್‌ವರ್ಕ್ ಒಂದು ಕಡ್ಡಿ ಇರುವಲ್ಲಿ ಪುಟ ತೆರೆಯೋ ಹೊತ್ತಿಗೆ ಅವರು ಮಡಿಕೇರಿ ದಾಟಿರ್ತಾರೆ! ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ತೂಕ 200-300 ಕೆಬಿಗೆ ತನ್ನಿ. ಅದಕ್ಕೆ ಉಚಿತ ಸಾಧನಗಳು ಬೇಕಾದಷ್ಟಿವೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ‘ಸಣ್ಣದಾಯ್ತು’ ಅಂತ ಬಳಸಬೇಡಿ, ಅದು ಅಂಚೆಲ್ಲಾ ಕಲೆಸಿಬಿಡುತ್ತೆ. ಮಗನಿಗೋ ಮಗಳಿಗೋ ಫೋಟೋ ಕಳಿಸೋದಿದ್ದರೆ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ, ಮೂಲ ಹಾಗೇ ಹೋಗುತ್ತೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತೋಟದ ಕೆಲಸಕ್ಕೆ ಬರುವ ಹೆಂಗಸರು, ಅವರ ಮಕ್ಕಳ ಫೋಟೋ ‘ನ್ಯಾಚುರಲ್ ಆಗಿ ಬಂದಿದೆ’ ಅಂತ ಹಾಕುವವರನ್ನು ಕಂಡಿದ್ದೇನೆ. ಅವರನ್ನು ಕೇಳಿದಿರಾ? ನಿಮ್ಮ ಮಗಳ ಫೋಟೋವನ್ನು ಬೇರೆಯವರು ತಮ್ಮ ವ್ಯಾಪಾರಕ್ಕೆ ಹಾಕಿಕೊಂಡರೆ ಸುಮ್ಮನಿರ್ತೀರಾ? ಐನ್‌ಮನೆಯ ಒಳಗಿನ ಚಿತ್ರವೂ ಹಾಗೇ. ನೆಲ್ಲಕ್ಕಿ ನಡುಬಾಡೆಯ ದೀಪ ಒಂದು ಒಕ್ಕದ ಎಲ್ಲರದ್ದು, ಜಾಹೀರಾತಿಗಲ್ಲ. ಹಿರಿಯರನ್ನು ಕೇಳಿ, ಬೇಡ ಅಂದರೆ ಬಿಟ್ಟುಬಿಡಿ.

ಕುಪ್ಯ-ಚೇಲೆಯ ಪಾಠ

ಬಣ್ಣದ ವಿಷಯಕ್ಕೆ ಬಂದರೆ ನಮ್ಮ ಹೆಂಗಸರಿಗೆ ಕೈ ತಡೆಯೋದೇ ಕಷ್ಟ. ಟೆಂಪ್ಲೇಟ್‌ನಲ್ಲಿ ಬಣ್ಣದ ಡಬ್ಬಿ ತೆರೆದರೆ ಲಕ್ಷಗಟ್ಟಲೆ ಬಣ್ಣ. ಶೀರ್ಷಿಕೆಗೆ ನೇರಳೆ, ಗುಂಡಿಗೆ ಕಿತ್ತಳೆ, ಹಿನ್ನೆಲೆಗೆ ಗಿಳಿಹಸಿರು... ಪುಟ ತೆರೆದರೆ ಜಾತ್ರೆಯ ಬಳೆ ಅಂಗಡಿ!

ಇಲ್ಲಿ ನಾನು ಕೊಡುವ ಉದಾಹರಣೆ ಮದುವೆಮನೆಯದು. ಕೊಡವ ಗಂಡಸರು ಕುಪ್ಯ ತೊಟ್ಟು ನಿಂತಾಗ ನೋಡಿ. ಮೈ ತುಂಬ ಒಂದೇ ಕಪ್ಪು. ನಡುವಿಗೆ ಕೆಂಪು ರೇಷ್ಮೆ ಚೇಲೆ. ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ ಮಿಂಚು. ಅಷ್ಟೇ! ಆದರೂ ಸಾವಿರ ಜನರ ನಡುವೆ ಎದ್ದು ಕಾಣ್ತಾರೆ. ಯಾಕೆ? ದೊಡ್ಡದು ಒಂದು ಬಣ್ಣ, ಅದಕ್ಕೆ ಜೊತೆಯಾಗಿ ಇನ್ನೊಂದು, ಮಿಂಚೋದು ಚೂರೇ ಚೂರು. ಮನೆ ಒಳಾಂಗಣ ಮಾಡುವವರು 60-30-10 ಅಂತ ಲೆಕ್ಕ ಹೇಳುತ್ತಾರಲ್ಲ, ಅದು ಹೆಚ್ಚುಕಡಿಮೆ ಇದೇ. ನೂರರಲ್ಲಿ ಅರವತ್ತು ಪಾಲು ಹಿನ್ನೆಲೆಯ ತಣ್ಣನೆ ಬಣ್ಣ, ಮೂವತ್ತು ಪಾಲು ಜೊತೆ ಬಣ್ಣ, ಹತ್ತು ಪಾಲು ಮಾತ್ರ ಕಣ್ಣು ಸೆಳೆಯೋದು. ಆ ಹತ್ತನ್ನು ಖರ್ಚು ಮಾಡೋದು ಒಂದೇ ಕಡೆ, ‘ಕರೆ ಮಾಡಿ’ ಅನ್ನುವ ಗುಂಡಿಗೆ. ಅದೇ ಬಣ್ಣವನ್ನು ಶೀರ್ಷಿಕೆಗೂ, ಗೆರೆಗೂ, ಹೂವಿನ ಚಿತ್ರಕ್ಕೂ ಬಳಿದರೆ ಗುಂಡಿ ಕಳೆದುಹೋಗುತ್ತೆ.

ಬಣ್ಣ ಎಲ್ಲಿಂದ ಆರಿಸೋದು? ನಿಮ್ಮದೇ ಫೋಟೋದಿಂದ. ಕಾಫಿ ಎಲೆಯ ಕಡುಹಸಿರು, ಮಾರ್ಚ್-ಏಪ್ರಿಲ್‌ನಲ್ಲಿ ಅರಳುವ ಕಾಫಿ ಹೂವಿನ ಕೆನೆ ಬಿಳಿ, ಹಣ್ಣಿನ ಕೆಂಪು. ಚಿತ್ರದಿಂದ ಬಣ್ಣ ಹೀರುವ ಡ್ರಾಪರ್ ಅನ್ನುವ ಸಾಧನ ಈಗ ಎಲ್ಲಾ ಕಡೆ ಇದೆ. ಬೆರಳಿಟ್ಟರೆ ಆ ಬಣ್ಣದ ಆರು ಅಂಕಿ-ಅಕ್ಷರಗಳ ಕೋಡ್ ಕೊಡುತ್ತೆ. ಅದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ. ಪುಟದಿಂದ ಪುಟಕ್ಕೆ, ಕೊನೆಗೆ ನಿಮ್ಮ ಕಾಫಿಪುಡಿ ಪ್ಯಾಕೆಟ್‌ನ ಲೇಬಲ್‌ವರೆಗೂ ಅದೇ ಇರಲಿ. ಹಸಿರಿನ ಮೇಲೆ ಕೆಂಪು ಅಕ್ಷರ ಮಾತ್ರ ಬರೆಯಬೇಡಿ. ಗಿಡದ ಮೇಲೆ ಚೆಂದ, ಪರದೆ ಮೇಲೆ ಕಣ್ಣು ಕುಕ್ಕುತ್ತೆ. ಜೊತೆಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದವರೂ ಇದ್ದಾರೆ, ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ.

ನಮ್ಮೂರಿನದೇ ಆದ ಇನ್ನೊಂದು ತೊಂದರೆ ಮಂಜು. ಮಂಜು ತುಂಬಿದ ತೋಟದ ಫೋಟೋ ಹಾಕಿ, ಅದರ ಮೇಲೆ ಟೆಂಪ್ಲೇಟ್‌ನವರು ಕೊಟ್ಟ ಬಿಳಿ ಅಕ್ಷರದಲ್ಲಿ ಹೆಸರು ಬರೀತೀರಿ. ಮಂಜಲ್ಲಿ ಮಂಜಾಗಿ ಹೆಸರೇ ಮಾಯ! ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಅಂತರ ಇರಬೇಕು. ವೆಬ್‌ನ ಅಂತರರಾಷ್ಟ್ರೀಯ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1ರ ಪ್ರಮಾಣ ಹೇಳುತ್ತೆ, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಎರಡು ಬಣ್ಣದ ಕೋಡ್ ಕೊಟ್ಟರೆ ಲೆಕ್ಕ ಹಾಕಿ ಹೇಳುವ ಸಾಧನಗಳಿವೆ. ಲೆಕ್ಕದ ಗೊಡವೆ ಬೇಡ ಅಂದ್ರೆ ಫೋನ್ ಹಿಡಿದು ಅಂಗಳದ ಬಿಸಿಲಿಗೆ ಬನ್ನಿ. ಕಣ್ಣು ಅರೆಮುಚ್ಚಿ ನೋಡಿ. ಅಲ್ಲೂ ಓದಲು ಬಂದರೆ ಪಾಸು. ಇಲ್ಲದಿದ್ದರೆ ಫೋಟೋ ಮೇಲೆ ತೆಳು ಕಪ್ಪು ಛಾಯೆ ಹಾಕಿ, ಅಥವಾ ಹೆಸರನ್ನು ಫೋಟೋ ಕೆಳಗೇ ಬರೆಯಿರಿ. ನನ್ನ ಮೆಚ್ಚುಗೆ ಎರಡನೆಯದಕ್ಕೆ.

ಕನ್ನಡ ಅಕ್ಷರಕ್ಕೆ ಜಾಗ ಕೊಡಿ

“ಬರೋರೆಲ್ಲ ಇಂಗ್ಲಿಷ್‌ನವರು, ಕನ್ನಡ ಯಾರು ಓದ್ತಾರೆ?” ಈ ಮಾತನ್ನು ನಾನು ಒಪ್ಪಲ್ಲ. ಮೈಸೂರು, ಮಂಡ್ಯ, ಹಾಸನದಿಂದ ಶನಿವಾರ-ಭಾನುವಾರ ಬರುವ ಕುಟುಂಬಗಳು ನಿಮ್ಮ ಅತಿಥಿಗಳಲ್ಲವೇ? ಬುಕಿಂಗ್ ಮಗ ಮಾಡಿರಬಹುದು, ‘ಬಿಸಿನೀರು ಇದೆಯಾ, ಮೆಟ್ಟಿಲು ಎಷ್ಟು?’ ಅಂತ ತಿಳಿಯಬೇಕಾದ್ದು ಅವನ ತಾಯಿಗೆ. ಒಂದು ಪುಟವಾದರೂ ಕನ್ನಡದಲ್ಲಿರಲಿ.

ಆದರೆ ಟೆಂಪ್ಲೇಟ್ ಮಾಡಿದವರ ತಲೆಯಲ್ಲಿ ಇದ್ದದ್ದು ಇಂಗ್ಲಿಷ್. ಅಲ್ಲೇ ಎಡವಟ್ಟು. ಇಂಗ್ಲಿಷ್ ಅಕ್ಷರ ಸಾಲಲ್ಲಿ ನಿಂತ ಶಾಲೆ ಮಕ್ಕಳ ಹಾಗೆ. ನಮ್ಮದಕ್ಕೆ ತಲೆ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ‘ಪುತ್ತರಿ’ ಅಂತ ಬರೆಯಿರಿ, ‘ಕೈಲ್ ಪೊಳ್ದ್’ ಅಂತ ಬರೆಯಿರಿ, ಕೆಳಗಿನ ಸಾಲಿನ ತಲೆಗೆ ಮೇಲಿನ ಸಾಲಿನ ಒತ್ತು ಬಡಿಯುತ್ತೆ. ಅದಕ್ಕೆ ಲೈನ್ ಹೈಟ್ ಅಂತಿರೋ ಕಡೆ 1.6ರಿಂದ 1.8ರವರೆಗೆ ಕೊಡಿ. ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಅಕ್ಷರಗಳ ನಡುವೆ ಜಾಗ ಬಿಡುವ ಲೆಟರ್ ಸ್ಪೇಸಿಂಗ್ ಅನ್ನುವುದನ್ನು ಸೊನ್ನೆ ಮಾಡಿ. ಇಂಗ್ಲಿಷ್ ಶೀರ್ಷಿಕೆಗೆ ಅದು ಶೋಭೆ, ಕನ್ನಡದಲ್ಲಿ ಪದ ಹಲ್ಲುಬಿದ್ದ ಬಾಯಿಯಂತೆ ಕಾಣುತ್ತೆ. ಓರೆ ಅಕ್ಷರವೂ ಬೇಡ. ಕನ್ನಡಕ್ಕೆ ಅದಕ್ಕೆಂದೇ ಬರೆದ ಓರೆ ರೂಪ ಸಾಮಾನ್ಯವಾಗಿ ಇರೋದಿಲ್ಲ, ಕಂಪ್ಯೂಟರ್ ನೆಟ್ಟಗಿದ್ದದ್ದನ್ನೇ ಎಳೆದು ವಾಲಿಸುತ್ತೆ, ಅಷ್ಟೇ.

ಯಾವ ಅಕ್ಷರ ಬಳಸೋದು? ಗೂಗಲ್ ಫಾಂಟ್ಸ್‌ನಲ್ಲಿ ದುಡ್ಡಿಲ್ಲದೆ ಸಿಗುವ ಒಳ್ಳೊಳ್ಳೆ ಕನ್ನಡ ಅಕ್ಷರಗಳಿವೆ. ಓದುವ ಪಠ್ಯಕ್ಕೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಹಳೆಯ ಪುಸ್ತಕದ ಗತ್ತು ಬೇಕಾದರೆ ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ. ತಿಂಡಿ-ತೀರ್ಥ ಮಾರುವವರ ಶೀರ್ಷಿಕೆಗೆ ಗುಂಡುಗುಂಡಾದ ಬಲೂ ತಮ್ಮ ಮುದ್ದಾಗಿರುತ್ತೆ, ಕಡುಬಿನ ಹಾಗೆ! ಒಂದು ಶೀರ್ಷಿಕೆಗೆ, ಒಂದು ಪಠ್ಯಕ್ಕೆ, ಎರಡೇ ಸಾಕು. ಮೂರನೆಯದು ಬಂತೆಂದರೆ ಗದ್ದಲ ಶುರು.

ಇಲ್ಲೊಂದು ಎಚ್ಚರಿಕೆ. ಡಿಟಿಪಿ ಸೆಂಟರ್‌ನಲ್ಲಿ ಹಳೆಯ ನುಡಿ ಅಥವಾ ಬರಹ ಅಕ್ಷರದಲ್ಲಿ ಟೈಪ್ ಮಾಡಿಸಿದ್ದನ್ನು ತಂದು ವೆಬ್‌ಸೈಟ್‌ಗೆ ಅಂಟಿಸಿದರೆ, ಇಂಗ್ಲಿಷ್ ಅಕ್ಷರಗಳಿಗೆ ಕೋಡು-ಬಾಲ ಮೂಡಿದಂಥ ಕಲಸುಮೇಲೋಗರ ಕಾಣುತ್ತೆ. ಅದು ನಿಮ್ಮ ತಪ್ಪಲ್ಲ, ಟೈಪ್ ಮಾಡಿದವರ ತಪ್ಪೂ ಅಲ್ಲ. ಆ ಹಳೆಯ ಅಕ್ಷರಗಳು ಯುನಿಕೋಡ್ ಅಲ್ಲ, ಮುದ್ರಣಕ್ಕೆಂದು ಮಾಡಿಕೊಂಡ ಬೇರೆ ಏರ್ಪಾಡು. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಇಲ್ಲವೇ ಫೋನಿನ ಕನ್ನಡ ಕೀಲಿಮಣೆಯಲ್ಲಿ ನೀವೇ ಟೈಪ್ ಮಾಡಿ, ಅದು ಯುನಿಕೋಡೇ ಆಗಿರುತ್ತೆ.

ಲೋಗೋ ಅಂತ ತಲೆ ಕೆಡಿಸಿಕೊಳ್ಳುವವರಿಗೆ ನನ್ನ ಸಲಹೆ, ಸದ್ಯಕ್ಕೆ ಬೇಡ. ಕೊಡಗಿನ ಲೋಗೋ ಅಂದರೆ ಒಂದು ಕಾಫಿ ಬೀಜ, ಒಂದು ಆನೆ, ಒಂದು ಪೀಚೆಕತ್ತಿ, ಹಿಂದೆ ತಡಿಯಂಡಮೋಳ್ ಬೆಟ್ಟ... ಎಲ್ಲಾ ಸೇರಿ ಫೋನಿನಲ್ಲಿ ಸಾಸಿವೆ ಕಾಳಿನಷ್ಟು ಕಾಣುವ ಒಂದು ಕಪ್ಪು ಚುಕ್ಕೆ! ಮನೆ ಹೆಸರನ್ನೇ ಒಳ್ಳೆಯ ಅಕ್ಷರದಲ್ಲಿ, ಸ್ವಲ್ಪ ದಪ್ಪಗೆ ಬರೆದರೆ ಅದೇ ಲೋಗೋ. ಕಾಫಿಪುಡಿ ಮಾರುವವರಿಗೊಂದು ಕಿವಿಮಾತು. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ನಿಜ. ಹಾಗಂತ ಆ ಗುರುತನ್ನು ಡೌನ್‌ಲೋಡ್ ಮಾಡಿ ಅಂಟಿಸುವ ಹಾಗಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಹಕ್ಕು.

ತೆಗೆದಷ್ಟೂ ಚೆಂದ

ಕಣದಲ್ಲಿ ಕಾಫಿ ಒಣಗಿಸಿದವರಿಗೆ ಈ ಮಾತು ಬೇಗ ತಿಳಿಯುತ್ತೆ. ಜಾಗ ಉಳಿಸೋಣ ಅಂತ ಹಣ್ಣನ್ನು ದಪ್ಪಗೆ ಹರಡಿದರೆ ಏನಾಗುತ್ತೆ? ಬೂಷ್ಟು. ವೆಬ್‌ಪುಟವೂ ಅಷ್ಟೇ, ತೆಳ್ಳಗೆ ಹರಡಬೇಕು. ಖಾಲಿ ಜಾಗ ಕಂಡರೆ ‘ಇಲ್ಲೇನಾದರೂ ಹಾಕೋಣ’ ಅಂತ ಕೈ ತುರಿಸುತ್ತೆ. ತಡೆದುಕೊಳ್ಳಿ! ಫೋಟೋ ಸುತ್ತ, ಪ್ಯಾರಾಗಳ ನಡುವೆ ಬಿಟ್ಟ ಖಾಲಿ ಜಾಗವೇ ಓದುವವರ ಕಣ್ಣಿಗೆ ಉಸಿರು. ಎಲ್ಲವನ್ನೂ ಪುಟದ ನಡುವಿಗೆ ಎಳೆದು ಲಗ್ನಪತ್ರಿಕೆ ಮಾಡಬೇಡಿ, ಉದ್ದ ಪಠ್ಯ ಎಡಗಡೆಯಿಂದಲೇ ಶುರುವಾಗಲಿ.

ಟೆಂಪ್ಲೇಟ್‌ನ ಮೆನು ನೋಡಿದ್ದೀರಾ? ಸರ್ವಿಸಸ್, ಪೋರ್ಟ್‌ಫೋಲಿಯೋ, ಅವರ್ ಟೀಮ್, ಕೇಸ್ ಸ್ಟಡೀಸ್... ನಿಮ್ಮ ಟೀಮ್ ಅಂದರೆ ನೀವು, ಅತ್ತೆ, ಮತ್ತೆ ನಾಯಿ. ತೆಗೆದುಹಾಕಿ. ನಾಲ್ಕು ಸಾಕು: ಕೋಣೆ, ಊಟ, ದಾರಿ, ಸಂಪರ್ಕ. ಊಟದ ಪುಟದಲ್ಲಿ ‘ಅಥೆಂಟಿಕ್ ಕೂರ್ಗ್ ಕ್ಯುಸಿನ್’ ಅಂತ ಬರೆಯೋ ಬದಲು ನೂಪುಟ್ಟು, ಕಡಂಬಿಟ್ಟು, ಪಂದಿಕರಿ, ಮಳೆಗಾಲದಲ್ಲಿ ಬೈಂಬಳೆ ಕರಿ ಅಂತ ಹೆಸರು ಹಿಡಿದು ಬರೆಯಿರಿ. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ ಇದ್ದರೆ ಅದನ್ನೂ ಹೇಳಿ. ದಾರಿಯ ಪುಟಕ್ಕೆ ತುಸು ಹೆಚ್ಚೇ ಶ್ರಮ ಹಾಕಿ. ಜಿಲ್ಲೆಗೆ ರೈಲಿಲ್ಲ ಅನ್ನೋದು ಹೊರಗಿನ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೈಸೂರಿಗೋ ಮಂಗಳೂರಿಗೋ ಬಂದು ಇಳಿಯಬೇಕು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರಿಗೆ ಅದೇ ಹತ್ತಿರ. ಕೊನೆಯ ಎರಡು ಕಿಲೋಮೀಟರ್ ಜೀಪೇ ಬೇಕು ಅಂತಿದ್ದರೆ ದಪ್ಪ ಅಕ್ಷರದಲ್ಲಿ ಬರೆಯಿರಿ.

ಓಡಾಡುವ ಅಕ್ಷರ, ತಾನೇ ತಾನಾಗಿ ಜಾರುವ ಐದು ಫೋಟೋಗಳ ಸ್ಲೈಡರ್, ಪುಟ ತೆರೆದ ಕೂಡಲೇ ಕಿರುಚುವ ಸಂಗೀತ, ಇವೆಲ್ಲ ಬೇಡವೇ ಬೇಡ. ಜನ ಮೊದಲ ಫೋಟೋ ನೋಡಿ ಕೆಳಗೆ ಹೋಗ್ತಾರೆ, ಉಳಿದ ನಾಲ್ಕು ಸುಮ್ಮನೆ ಭಾರ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ‘500+ ಹ್ಯಾಪಿ ಕ್ಲೈಂಟ್ಸ್’, ‘25 ಅವಾರ್ಡ್ಸ್’ ಅಂತ ಟೆಂಪ್ಲೇಟ್‌ನಲ್ಲಿ ಅಂಕಿಗಳು ಗಿರಗಿರ ತಿರುಗುತ್ತಿರುತ್ತವೆ. ಕೆಳಗೆ ಜಾನ್ ಡೋ ಅನ್ನುವ ಸಾಹೇಬನ ಹೊಗಳಿಕೆ. ಇವೆಲ್ಲ ನಮೂನೆಗೆ ಇಟ್ಟ ಸುಳ್ಳುಗಳು. ಅಳಿಸದೆ ಬಿಟ್ಟರೆ ಆ ಸುಳ್ಳು ನಿಮ್ಮ ಹೆಸರಲ್ಲಿ ನಿಲ್ಲುತ್ತೆ. ‘ಲೋರೆಮ್ ಇಪ್ಸಮ್’ ಅಂತ ಶುರುವಾಗುವ ಅರ್ಥವಿಲ್ಲದ ಸಾಲುಗಳೂ ಅಷ್ಟೇ, ಲ್ಯಾಟಿನ್‌ನ ಚೂರುಪಾರು ಅವು, ಜಾಗ ತುಂಬಿಸೋಕೆ ಇಟ್ಟದ್ದು. ಬಂದ ಅತಿಥಿಗಳು ಕಳಿಸಿದ ಎರಡೇ ಎರಡು ನಿಜವಾದ ಸಾಲು, ಅವರನ್ನು ಕೇಳಿ ಹಾಕಿ. ಅದರ ತೂಕವೇ ಬೇರೆ.

ಪುಟದ ತಳಭಾಗವನ್ನು ಯಾರೂ ನೋಡಲ್ಲ ಅಂದುಕೊಳ್ಳಬೇಡಿ. ಅನುಮಾನ ಬಂದವರು ಮೊದಲು ಹೋಗೋದೇ ಅಲ್ಲಿಗೆ. ‘ಯುವರ್ ಕಂಪನಿ ನೇಮ್’ ಅಂತ ಉಳಿದಿದೆಯಾ? ಫೇಸ್‌ಬುಕ್ ಗುರುತು ಒತ್ತಿದರೆ ಟೆಂಪ್ಲೇಟ್ ಮಾಡಿದವನ ಪುಟಕ್ಕೆ ಹೋಗುತ್ತಾ? ನೋಡಿ. ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ ಸಂಖ್ಯೆ, ಆಹಾರ ಮಾರುವವರಾದರೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಅಲ್ಲಿರಲಿ. ಮತ್ತೆ, ಇದು ಡಿಸೈನ್ ಮಾತಲ್ಲ, ಆದರೂ ಹೇಳಿಬಿಡ್ತೀನಿ. ವೆಬ್‌ಸೈಟಿನ ಹೆಸರು, ಪಾಸ್‌ವರ್ಡ್ ಯಾರ ಇಮೇಲ್‌ನಲ್ಲಿದೆ? ಮಾಡಿಕೊಟ್ಟ ತಮ್ಮನ ಮಗ ನಾಳೆ ದುಬೈಗೆ ಹೋದರೆ ಒಂದು ಫೋನ್ ನಂಬರ್ ಬದಲಾಯಿಸಲೂ ಅವನನ್ನೇ ಕಾಯಬೇಕು. ನಿಮ್ಮ ಇಮೇಲ್‌ಗೆ ಬದಲಿಸಿಕೊಳ್ಳಿ, ಇವತ್ತೇ.

ಎಲ್ಲ ಆದ ಮೇಲೆ ಊರಿಗೆ ತೋರಿಸುವ ಮುಂಚೆ ಒಂದು ಪರೀಕ್ಷೆ. ಕಂಪ್ಯೂಟರ್ ಗೊತ್ತಿರುವ ಮಕ್ಕಳಿಗಲ್ಲ, ಪಕ್ಕದ ತೋಟದ ಅಕ್ಕನಿಗೋ ಜೀಪಿನ ಡ್ರೈವರಣ್ಣನಿಗೋ ಫೋನ್ ಕೊಡಿ. “ಫೋನ್ ನಂಬರ್ ಹುಡುಕಿ, ಒಂದು ರಾತ್ರಿಗೆ ಎಷ್ಟು ಅಂತ ಹೇಳಿ” ಅನ್ನಿ. ನೀವು ಬಾಯಿ ಬಿಡಬೇಡಿ, ಬೆರಳು ತೋರಿಸಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕು. ಡಿಸೈನರ್‌ಗೆ ದುಡ್ಡು ಕೊಡಲೇಬಾರದು ಅಂತ ನಾನು ಹೇಳ್ತಿಲ್ಲ. ಆನ್‌ಲೈನಲ್ಲೇ ದುಡ್ಡು ಕಟ್ಟಿಸಿಕೊಳ್ಳೋದು, ಮೂರ್ನಾಲ್ಕು ಮನೆಗಳ ಬುಕಿಂಗ್ ಒಟ್ಟಿಗೆ ನೋಡೋದು ಇದ್ದರೆ ಕೊಡಿ, ಅದು ಅವರ ಕೆಲಸ. ಆದರೆ ಕೊಡುವ ಮುಂಚೆ ಫೋಟೋ, ಎರಡು ಬಣ್ಣ, ನಾಲ್ಕು ಪುಟದ ಮಾತು ನಿಮ್ಮ ಕೈಯಲ್ಲಿ ಸಿದ್ಧ ಇರಲಿ. ಇಲ್ಲದಿದ್ದರೆ ದುಡ್ಡು ಕೊಟ್ಟೂ ಇನ್ನೊಂದು ಹಿಮದ ಬೆಟ್ಟ ಬಂದೀತು.

ನಾಪೋಕ್ಲಿನ ಆ ಹೆಣ್ಣುಮಗಳು ಎರಡು ಸಂಜೆ ಕೂತು ತನ್ನ ಪುಟ ತಿದ್ದಿದಳು. ಈಗ ತೆರೆದರೆ ಮಳೆ ಸುರಿಯುವಾಗ ತೆಗೆದ ಅವಳ ಜಗಲಿ, ಕಂಬದ ಪಕ್ಕ ಸ್ಟೀಲ್ ಲೋಟದಲ್ಲಿ ಕಾಫಿ. ಹಿನ್ನೆಲೆ ಕೆನೆ ಬಿಳಿ, ಕರೆ ಮಾಡುವ ಗುಂಡಿಯೊಂದೇ ಕೆಂಪು. ‘ಕೋಣೆ’ ಪುಟದ ಕೊನೆಗೆ ಅವಳೇ ಯೋಚಿಸಿ ನಾಲ್ಕು ಸಾಲು ಸೇರಿಸಿದ್ದಾಳೆ: ಈಜುಕೊಳ ಇಲ್ಲ. ಕೆರೆ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ. ಜಿಗಣೆ ಇದೆ, ಸುಣ್ಣ-ಹೊಗೆಸೊಪ್ಪು ನಾವು ಕೊಡುತ್ತೇವೆ.

ಮೊನ್ನೆ ಮತ್ತೆ ಫೋನ್ ಮಾಡಿದ್ದಳು. “ಅಕ್ಕಾ, ಆ ಜಿಗಣೆ ಸಾಲು ಓದಿಯೇ ಮೈಸೂರಿಂದ ಒಬ್ಬರು ಬುಕ್ ಮಾಡಿದ್ರು. ಅದನ್ನು ಇನ್ನೊಂಚೂರು ದೊಡ್ಡ ಅಕ್ಷರದಲ್ಲಿ ಹಾಕ್ಲಾ?”